ಫ್ರೆಂಡ್ ಜೊತೆ ಕಮ್ಮಿ ದುಡ್ಡಲ್ಲಿ, ಹೋಸ್ಟ್‌ಗಳ ಮನೇಲಿ ಉಳ್ಕೊಂಡು ಬೆಟ್ಟ ಕಾಡು ಸುತ್ತೋಕೆ ಆಗತ್ತಾ?

ಆಗತ್ತೆ, ಧಾರಾಳವಾಗಿ ಆಗತ್ತೆ. ಹೋಸ್ಟ್ ಅಂದ್ರೆ ಟ್ರಾವೆಲರ್‌ಗಳನ್ನ ದುಡ್ಡು ತಗೊಳ್ದೆ ತಮ್ಮ ಮನೇಲಿ ಇಟ್ಕೊಳೋರು. ನೀವು ಕೇಳಿರೋದು ಮೂರು ವಿಷಯ: ಇಬ್ಬರನ್ನ ಒಟ್ಟಿಗೆ ಯಾರಾದ್ರೂ ಮನೇಲಿ ಇಟ್ಕೋತಾರಾ, ದುಡ್ಡು ನಿಜವಾಗ್ಲೂ ಉಳಿಯತ್ತಾ, ವಾರಗಟ್ಟಲೆ ಜೊತೇಲೇ ಇದ್ರೆ ಸ್ನೇಹ ಕೆಡಲ್ವಾ ಅಂತ. ನಾನು ಒಬ್ಬ ಹಳೇ ಫ್ರೆಂಡ್ ಜೊತೆ ಹೀಗೇ ಸುತ್ತೋನು, ಮನೇಲೂ ಆಗಾಗ ಇಂಥ ಟ್ರಾವೆಲರ್‌ಗಳನ್ನ ಇಟ್ಕೊಂಡಿದೀನಿ, ಹಂಗಾಗಿ ಎರಡೂ ಕಡೆಯಿಂದ ನೋಡಿ ಹೇಳ್ತಿದೀನಿ.

ದುಡ್ಡಿನ ವಿಷಯ ಮೊದಲು. ಎಲ್ರೂ ಲೆಕ್ಕ ಹಾಕೋದು ರೂಮ್ ಬಾಡಿಗೆ ಎಷ್ಟು ಉಳೀತು ಅಂತ, ಆದ್ರೆ ಒಬ್ಬರ ಮನೇಲಿ ಒಂದು ರಾತ್ರಿ ಮಲಗಿ ಬೆಳಗ್ಗೆ ಬ್ಯಾಗ್ ಏರಿಸ್ಕೊಂಡು ಮುಂದಿನ ಊರಿಗೆ ಓಡ್ತಾ ಇದ್ರೆ ರೂಮಲ್ಲಿ ಉಳಿದಿದ್ದೆಲ್ಲ ಬಸ್ಸು ಟ್ರೇನಿಗೇ ಹೋಗತ್ತೆ, ಜೊತೆಗೆ ದಾರೀಲಿ ಹೊರಗಡೆ ಊಟ ಬೇರೆ. ನಿಜವಾಗ್ಲೂ ಉಳಿಯೋದು ಜಾಗ ಕಮ್ಮಿ ಮಾಡಿದಾಗ. ಹತ್ತು ಊರಿನ ಪಟ್ಟಿ ಇದ್ರೆ ಮೂರಕ್ಕೆ ಇಳಿಸಿ, ಒಂದೊಂದ್ಕಡೆ ಕೂತು ಅಲ್ಲಿಂದ ದಿನಾ ಒಂದೊಂದು ದಿಕ್ಕಿಗೆ ನಡೀರಿ. ಹೋಸ್ಟ್ ಮನೇನ ಬಿಟ್ಟಿ ಹಾಸಿಗೆ ಅಂತ ನೋಡ್ಬೇಡಿ, ಬೇಸ್ ಕ್ಯಾಂಪ್ ಅಂತ ನೋಡಿ. ದೊಡ್ಡ ಬ್ಯಾಗ್ ಅಲ್ಲೇ ಬಿಟ್ಟು ಚಿಕ್ಕದ್ರಲ್ಲಿ ನೀರು, ಬುತ್ತಿ, ಮಳೆ ಜಾಕೆಟ್ ಹಾಕ್ಕೊಂಡು ಹೊರಡ್ಬೋದು, ಮತ್ತೆ ಯಾವ ದಾರಿ ಮಳೆಗೆ ಕೊಚ್ಕೊಂಡು ಹೋಗಿದೆ, ಯಾವ ಹಳ್ಳ ಮಧ್ಯಾಹ್ನದ ಮೇಲೆ ದಾಟೋಕಾಗಲ್ಲ ಅನ್ನೋದು ಯಾವ ಆ್ಯಪಲ್ಲೂ ಇರಲ್ಲ, ಅಲ್ಲೇ ಇರೋರ ಬಾಯಲ್ಲೇ ಸಿಗೋದು. ನನ್ ಪ್ರಕಾರ ಹೋಸ್ಟ್ ಮನೇಲಿ ಉಳ್ಕೊಳೋದ್ರ ಅರ್ಧಕ್ಕಿಂತ ಜಾಸ್ತಿ ಲಾಭ ಇರೋದು ಇಲ್ಲೇ.

ಇಂಥ ಹೋಸ್ಟ್‌ಗಳನ್ನ ಹುಡುಕೋಕೆ ಯಾವ ಸೈಟು ಅಂದ್ರೆ, ಕೌಚ್‌ಸರ್ಫಿಂಗ್ ಎಲ್ರಿಗೂ ಗೊತ್ತಿರತ್ತೆ, 2004ರಲ್ಲಿ ಶುರುವಾಗಿದ್ದು, 2020ರಿಂದ ಸುಮಾರು ದೇಶಗಳಲ್ಲಿ ಮೆಂಬರ್‌ಶಿಪ್ ಫೀಸ್ ತಗೋತಾರೆ, ಆದ್ರೂ ಸಿಟಿಗಳಲ್ಲಿ ಹೋಸ್ಟ್‌ಗಳು ಸಿಗ್ತಾರೆ. ಫೀಸ್ ಬೇಡ ಅಂದ್ರೆ ಬಿವೆಲ್ಕಮ್ ಇದೆ, ಟ್ರಸ್ಟ್‌ರೂಟ್ಸ್ ಇದೆ, ಎರಡನ್ನೂ ಲಾಭದ ಆಸೆ ಇಲ್ದೆ ವಾಲಂಟಿಯರ್‌ಗಳು ನಡೆಸ್ತಾರೆ. ಸೈಕಲ್ಲಲ್ಲಿ ಹೋಗೋದಾದ್ರೆ ವಾರ್ಮ್‌ಶವರ್ಸ್, ಅದು ಸೈಕಲ್ ಟೂರ್ ಮಾಡೋರಿಗೇ ಅಂತ ಇರೋದು. ಇವೆಲ್ಲಕ್ಕಿಂತ ಹಳೇದು ಸರ್ವಾಸ್, 1949ರಿಂದ ಇದೆ, ಮಹಾಯುದ್ಧ ಮುಗಿದ್ಮೇಲೆ ಬೇರೆ ಬೇರೆ ದೇಶದ ಜನ ಒಬ್ಬರ ಮನೇಲಿ ಇನ್ನೊಬ್ಬರು ಉಳಿದು ಪರಿಚಯ ಆದ್ರೆ ಶಾಂತಿ ಬೆಳೆಯತ್ತೆ ಅನ್ನೋ ನಂಬಿಕೆ ಮೇಲೆ ಹುಟ್ಟಿದ್ದು, ಅಲ್ಲಿ ಮೊದಲು ಇಂಟರ್‌ವ್ಯೂ ಮಾಡೇ ಸೇರಿಸ್ಕೊಳೋದು, ಹಂಗಾಗಿ ಒಂದು ನೆಮ್ಮದಿ ಇರತ್ತೆ.

ಆದ್ರೆ ಇಲ್ಲೆಲ್ಲ ಸಾಮಾನ್ಯವಾಗಿ ಎರಡು ಮೂರು ರಾತ್ರಿ ಅಷ್ಟೇ ಮರ್ಯಾದೆ. ಒಂದೇ ಕಡೆ ಜಾಸ್ತಿ ದಿನ ಇರ್ಬೇಕು ಅಂದ್ರೆ ಕೆಲಸಕ್ಕೆ ಬದಲಾಗಿ ಊಟ ವಸತಿ ಕೊಡೋ ವ್ಯವಸ್ಥೆ ನೋಡಿ. ವೂಫ್ ಅಂತಾರಲ್ಲ, 1971ರಲ್ಲಿ ಇಂಗ್ಲೆಂಡಲ್ಲಿ ಶುರುವಾಗಿದ್ದು, ಆರ್ಗ್ಯಾನಿಕ್ ತೋಟಗಳಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೈ ಜೋಡಿಸ್ಬೇಕು. ವರ್ಕ್‌ಅವೇ ಅನ್ನೋ ಇಂಥದ್ದೇ ಇನ್ನೊಂದು ಸೈಟಲ್ಲಿ ದಿನಕ್ಕೆ ಸುಮಾರು ಐದು ಗಂಟೆ, ವಾರಕ್ಕೆ ಐದು ದಿನ ಅನ್ನೋದು ರೂಢಿ, ಇಬ್ಬರಿಗೂ ಸೇರಿ ಒಂದೇ ಅಕೌಂಟ್ ಮಾಡ್ಕೊಳೋಕೂ ಆಗತ್ತೆ. ಐದು ದಿನ ಕೆಲಸ ಅಂದ್ರೆ ಎರಡು ದಿನ ಪೂರ್ತಿ ಬಿಡುವು, ಜೊತೆಗೆ ದಿನಾ ಸಂಜೆ. ಇಂಥ ಜಾಗಗಳು ಹೆಚ್ಚಾಗಿ ಹಳ್ಳಿ ಕಡೆ, ಬೆಟ್ಟದ ಬುಡದಲ್ಲೇ ಇರತ್ವೆ, ನಿಮಗೆ ಬೇಕಾಗಿರೋದೂ ಅದೇ ಅಲ್ವಾ. ಒಂದು ಮಾತ್ರ ಎಚ್ಚರ, ಸಂಬಳ ಇಲ್ದಿದ್ರೂ ಊಟ ವಸತಿಗೆ ಬದಲಾಗಿ ಮಾಡೋ ಕೆಲಸಾನ ಕೆಲಸ ಅಂತಾನೇ ನೋಡೋ ದೇಶಗಳು ಸುಮಾರಿವೆ, ಟೂರಿಸ್ಟ್ ವೀಸಾದಲ್ಲಿ ಇದಕ್ಕೆ ಅವಕಾಶ ಇದ್ಯಾ ಅಂತ ಆ ದೇಶದ ಸರ್ಕಾರಿ ವೆಬ್‌ಸೈಟಲ್ಲೇ ನೋಡಿ, ಸೈಟಿನವರು ಹೇಳಿದ್ರು, ಹೋಸ್ಟ್ ಹೇಳಿದ್ರು ಅಂತ ನಂಬ್ಕೊಂಡು ಹೋಗ್ಬೇಡಿ.

ಈಗ ಇಬ್ಬರನ್ನ ಇಟ್ಕೋತಾರಾ ಅನ್ನೋದು. ಸ್ವಲ್ಪ ಕಷ್ಟ, ಅದನ್ನ ಮುಚ್ಚಿಡಲ್ಲ. ಸೋಫಾ ಒಂದೇ ಇರೋ ಮನೆಗಳೇ ಜಾಸ್ತಿ, ಹಂಗಾಗಿ ರಿಕ್ವೆಸ್ಟಿನ ಮೊದಲನೇ ಸಾಲಲ್ಲೇ ನಾವು ಇಬ್ಬರು ಅಂತ ಹೇಳ್ಬಿಡಿ, ಮ್ಯಾಟ್ ಸ್ಲೀಪಿಂಗ್ ಬ್ಯಾಗ್ ನಾವೇ ತರ್ತೀವಿ, ನೆಲದ ಮೇಲೆ ಮಲಗೋಕೆ ತೊಂದ್ರೆ ಇಲ್ಲ ಅಂತಾನೂ ಬರೀರಿ. ಇಬ್ಬರೂ ಬೇರೆ ಬೇರೆ ಪ್ರೊಫೈಲ್ ಪೂರ್ತಿ ತುಂಬಿ ಒಂದರಲ್ಲಿ ಇನ್ನೊಂದರ ಲಿಂಕ್ ಹಾಕಿ, ಯಾಕಂದ್ರೆ ಹೋಸ್ಟಿಗೆ ನಿಮ್ಮ ಬಗ್ಗೆ ಗೊತ್ತಾದ್ರೂ ನಿಮ್ಮ ಜೊತೆ ಬರೋ ಆ ಇನ್ನೊಬ್ರು ಯಾರು ಅನ್ನೋ ಅನುಮಾನ ಉಳಿದ್ರೆ ಅಲ್ಲಿಗೇ ನಿಲ್ಲತ್ತೆ. ನನಗೆ ಬರೋ ರಿಕ್ವೆಸ್ಟ್‌ಗಳಲ್ಲಿ ಕಾಪಿ ಪೇಸ್ಟ್ ಮಾಡಿರೋದು ಎರಡೇ ಸಾಲಿಗೆ ಗೊತ್ತಾಗ್ಬಿಡತ್ತೆ, ಪ್ರೊಫೈಲಲ್ಲಿ ನಾನು ಬರ್ದಿರೋದನ್ನ ಓದಿ ಅದ್ರ ಬಗ್ಗೆ ಏನಾದ್ರೂ ಕೇಳಿರೋರಿಗೆ ಉತ್ತರ ಕೊಡದೇ ಇರೋಕೆ ಮನಸ್ಸೇ ಬರಲ್ಲ. ಇನ್ನೊಂದು, ನಿಮ್ಮ ಮನೇಲೇ ಮೊದಲು ಯಾರನ್ನಾದ್ರೂ ಇಟ್ಕೊಂಡ್ರೆ ಅಥವಾ ಊರು ತೋರ್ಸಿದ್ರೆ ಒಂದೆರಡು ರೆಫರೆನ್ಸ್, ಅಂದ್ರೆ ನಿಮ್ಮ ಪ್ರೊಫೈಲಲ್ಲಿ ಅವರು ಬರೆಯೋ ಅನಿಸಿಕೆ, ಬರತ್ತೆ, ರೆಫರೆನ್ಸ್ ಇಲ್ದೆ ಇಬ್ಬರಿಗೆ ಜಾಗ ಸಿಗೋದು ತುಂಬಾ ಕಷ್ಟ.

ಮನೆಗೆ ಹೋದ್ಮೇಲೆ ಇಬ್ಬರಿದ್ದಾಗ ತಂತಾನೇ ಆಗ್ಬಿಡೋ ಒಂದು ವಿಷಯ ಇದೆ. ಹೋಸ್ಟ್ ಎದುರಿಗೇ ನಿಮ್ಮ ನಿಮ್ಮಲ್ಲೇ, ನಿಮ್ಮ ಭಾಷೇಲೇ ಹರಟ್ತಾ ಕೂತ್ಬಿಡ್ತೀರ. ಅವರು ಬಾಗಿಲು ತೆರೆದಿರೋದು ಮಾತಿಗೆ, ಹೊಸ ಜನರ ಪರಿಚಯಕ್ಕೆ. ಒಬ್ಬರೇ ಹೋದವರು ಹೇಗೂ ಹೋಸ್ಟ್ ಜೊತೆ ಮಾತಾಡ್ಲೇಬೇಕಾಗತ್ತೆ, ಇಬ್ಬರು ಹೋದ್ರೆ ಅದನ್ನ ಗಮನ ಇಟ್ಟು ಮಾಡ್ಬೇಕು. ಒಂದು ಸಂಜೆ ಇಬ್ಬರೂ ಸೇರಿ ಅಡುಗೆ ಮಾಡಿ, ಸಾಮಾನು ನೀವೇ ತನ್ನಿ, ಪಾತ್ರೆ ನೀವೇ ತೊಳೀರಿ. ಮತ್ತೆ ಒಂದು ರಾತ್ರಿ ಹಾಸ್ಟೆಲಲ್ಲಿ ಇರೋಷ್ಟು ದುಡ್ಡು ಯಾವಾಗ್ಲೂ ಬೇರೆ ಎತ್ತಿಟ್ಟಿರಿ, ಅದನ್ನ ಖರ್ಚಿನ ಲೆಕ್ಕಕ್ಕೇ ತಗೋಬೇಡಿ. ಮನೆ ಒಳಗೆ ಕಾಲಿಟ್ಟ ಮೇಲೆ ಇಬ್ಬರಲ್ಲಿ ಒಬ್ಬರಿಗೆ ಯಾಕೋ ಸರಿ ಅನ್ನಿಸ್ದಿದ್ರೂ ಕಾರಣ ಕೇಳದೆ ಇನ್ನೊಬ್ರೂ ಹೊರಡ್ಬೇಕು, ಅದಕ್ಕೆ ನಿಮ್ಮಿಬ್ಬರಿಗೇ ಗೊತ್ತಿರೋ ಒಂದು ಗುಟ್ಟಿನ ಮಾತನ್ನ ಮೊದಲೇ ಗೊತ್ತು ಮಾಡ್ಕೊಂಡಿರಿ. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಬೇಡದ ಮನೇಲಿ ಯಾರೂ ಉಳೀಬಾರ್ದು.

ಬೆಟ್ಟ ಹತ್ತೋ ವಿಷಯಕ್ಕೆ ಬಂದ್ರೆ, ಟೈಮ್ ಲೆಕ್ಕ ಹಾಕೋಕೆ 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು ಹೇಳಿದ ರೂಲ್ ಈಗ್ಲೂ ಕೆಲಸಕ್ಕೆ ಬರತ್ತೆ: 5 ಕಿ.ಮೀ.ಗೆ ಒಂದು ಗಂಟೆ, ಅದ್ರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದ್ರೆ 15 ಕಿ.ಮೀ. ದಾರಿ, 900 ಮೀಟರ್ ಏರು ಇದ್ರೆ ನಾಲ್ಕೂವರೆ ಗಂಟೆ, ಅದೂ ನಡೆದು ರೂಢಿ ಇರೋರಿಗೆ, ಎಲ್ಲೂ ಕೂರದೇ ಹೋದ್ರೆ. ಊಟ, ಫೋಟೋ, ಸುಸ್ತು ಎಲ್ಲ ಸೇರಿಸಿ ಆರು ಆರೂವರೆ ಅಂತ ಇಟ್ಕೊಳಿ, ಎಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗ್ಬೇಕು ಅನ್ನೋದನ್ನ ಹೊರಡೋಕೆ ಮುಂಚೇನೇ ಫಿಕ್ಸ್ ಮಾಡಿ. ಆ ಟೈಮನ್ನ, ಹೋಗೋ ದಾರೀನ ಒಂದು ಚೀಟೀಲಿ ಬರ್ದು ಹೋಸ್ಟಿಗೆ ಕೊಡಿ, ಇಷ್ಟು ಗಂಟೆ ಆದ್ರೂ ಬರ್ಲಿಲ್ಲ ಅಂದ್ರೆ ರೆಸ್ಕ್ಯೂಗೆ ಫೋನ್ ಮಾಡಿ ಅಂತ ಹೇಳಿ, ವಾಪಸ್ ಬಂದ ತಕ್ಷಣ ತಿಳಿಸಿ. ಹೋಟೆಲಲ್ಲಿ ಇದ್ದಿದ್ರೆ ನೀವು ರಾತ್ರಿ ಬಂದ್ರಾ ಇಲ್ವಾ ಅಂತ ಯಾರೂ ಗಮನಿಸ್ತಿರ್ಲಿಲ್ಲ, ಇಲ್ಲಿ ಕಾಯೋರು ಒಬ್ಬರಿರ್ತಾರೆ.

ಮ್ಯಾಪ್ ಆಫ್‌ಲೈನ್ ಇಳಿಸ್ಕೊಳಿ, ಇಬ್ಬರ ಫೋನಲ್ಲೂ. ಮೇಲೆ ಹೋದ ಹಾಗೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಚಳಿ ಜಾಸ್ತಿ ಆಗತ್ತೆ, ಬುಡದಲ್ಲಿ ಬಿಸಿಲಿದೆ ಅಂತ ಸ್ವೆಟರ್ ಬಿಟ್ಟು ಹೋಗ್ಬೇಡಿ. ಹಳ್ಳದ ನೀರು ಕುಡಿಯೋದಾದ್ರೆ ಕುದಿ ಬಂದ್ಮೇಲೆ ಒಂದು ನಿಮಿಷ ಕುದಿಸಿ, 2000 ಮೀಟರಿಗಿಂತ ಮೇಲಿದ್ರೆ ಮೂರು ನಿಮಿಷ. ಆಳಿಗೊಂದು ಸೀಟಿ ಇರ್ಲಿ, ಅಪಾಯದ ಸಿಗ್ನಲ್ ಅಂದ್ರೆ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ನಿಲ್ಲಿಸಿ ಮತ್ತೆ ಊದೋದು. 3000 ಮೀಟರ್ ದಾಟೋ ಪ್ಲಾನ್ ಇದ್ರೆ ಮಲಗೋ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರ್ದು, ಮತ್ತೆ ಇನ್ಶೂರೆನ್ಸಲ್ಲಿ ಎಷ್ಟು ಎತ್ತರದವರೆಗೆ ಕವರ್ ಆಗತ್ತೆ ಅಂತ ಓದಿ, ಇಷ್ಟು ಮೀಟರ್ ಅಂತ ಮಿತಿ ಹಾಕಿರೋ ಪಾಲಿಸಿ ಸುಮಾರಿವೆ. ಎಲ್ಲದ್ರಲ್ಲೂ ದುಡ್ಡು ಉಳ್ಸಿ, ಇನ್ಶೂರೆನ್ಸಲ್ಲಿ ಮತ್ತೆ ಶೂನಲ್ಲಿ ಬೇಡ.

ಕೊನೇದು ಸ್ನೇಹ. ಜಗಳ ಬರೋದು ದೊಡ್ಡ ವಿಷಯಕ್ಕಲ್ಲ, ಯಾರು ಎಷ್ಟು ಕೊಟ್ರು ಅನ್ನೋದಕ್ಕೆ, ಯಾರು ಬೇಗ ನಡೀತಾರೆ ಅನ್ನೋದಕ್ಕೆ. ದುಡ್ಡಿಗೆ ನಾವು ಮಾಡೋದು ಒಂದು ಕಾಮನ್ ಪರ್ಸ್, ಇಬ್ಬರೂ ಸಮ ಹಾಕಿ ಬಸ್ಸು, ದಿನಸಿ, ಹೋಸ್ಟಿಗೆ ಉಡುಗೊರೆ ಎಲ್ಲ ಅದ್ರಿಂದ್ಲೇ, ಖಾಲಿ ಆದಾಗ ಮತ್ತೆ ಸಮ ಹಾಕೋದು, ಸ್ವಂತದ ಆಸೆಗಳು ಸ್ವಂತ ಜೇಬಿಂದ. ಇಬ್ಬರಲ್ಲಿ ದುಡ್ಡು ಕಮ್ಮಿ ಇರೋರ ಬಜೆಟ್ಟೇ ಟ್ರಿಪ್ಪಿನ ಬಜೆಟ್ ಆಗ್ಬೇಕು, ಅದನ್ನ ಹೊರಡೋಕೆ ಮುಂಚೆ ನಾಚಿಕೆ ಬಿಟ್ಟು ಮಾತಾಡಿ. ನಡೆಯುವಾಗ ನಿಧಾನ ಇರೋರು ಮುಂದೆ, ವೇಗ ಇರೋರು ಹಿಂದೆ. ಬೆಟ್ಟದಲ್ಲಿ ಒಬ್ಬರು ಸಾಕು ವಾಪಸ್ ಹೋಗೋಣ ಅಂದ್ರೆ ಇಬ್ಬರೂ ವಾಪಸ್, ವಾದ ಇಲ್ಲ. ಆಮೇಲೆ ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ದಿನ ಬೇರೆ ಬೇರೆ ಇರಿ, ಒಬ್ಬರು ಹೊಳೆ ಕಡೆ ಹೋದ್ರೆ ಇನ್ನೊಬ್ರು ಮನೇಲಿ ಮಲಗ್ಲಿ. ನನ್ ಫ್ರೆಂಡಿಗೆ ಬೆಳಗ್ಗೆ ಒಂದು ಗಂಟೆ ಯಾರೂ ಮಾತಾಡಿಸ್ಬಾರ್ದು, ನನಗೆ ಎದ್ದ ತಕ್ಷಣ ಮಾತು ಬೇಕು, ಹಂಗಾಗಿ ಆ ಹೊತ್ತಲ್ಲಿ ನಾನು ಹೋಸ್ಟ್ ಜೊತೆ ಅಡುಗೆಮನೇಲಿ ಕೂತ್ಕೋತೀನಿ, ಅವತ್ತು ಎಲ್ಲಿಗೆ ನಡೀಬೇಕು ಅನ್ನೋದು ಹೆಚ್ಚಾಗಿ ಅಲ್ಲೇ ತೀರ್ಮಾನ ಆಗೋದು.

ನೀವು ಯಾವ ತಿಂಗಳು, ಯಾವ ಕಡೆ ಅಂತ ಹೇಳಿದ್ರೆ ರಿಕ್ವೆಸ್ಟ್ ಮೆಸೇಜ್ ಬರೆಯೋಕೆ ಸಹಾಯ ಮಾಡ್ತೀನಿ, ಕಾಮೆಂಟಲ್ಲಿ ಹಾಕಿ.