ಗೆಳೆಯ ಕೊಟ್ಟ ಮಾತ್ರೆ ಪಕ್ಕಕ್ಕಿಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ

ಪ್ರಶ್ನೆ: ನನಗೆ 41 ವರ್ಷ. ಪೈಪು, ನಲ್ಲಿ ಸಾಮಾನಿನ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾ ಮುಂದೆ ಕೂತರೆ ಏಳುವುದು ರಾತ್ರಿ ಒಂಬತ್ತಕ್ಕೆ. ದಿನಕ್ಕೆ ಎಂಟು ಹತ್ತು ಸಿಗರೇಟು, ಶನಿವಾರ ಗೆಳೆಯರ ಜೊತೆ ಗುಂಡು. ನಾಲ್ಕೈದು ತಿಂಗಳಿಂದ ಹೆಂಡತಿ ಜೊತೆ ಸೇರುವಾಗ ಕೆಲವು ಸಲ ನಿಮಿರುವಿಕೆ ಉಳಿಯುತ್ತಿಲ್ಲ. ಅಪ್ಪನಿಗೆ ಐವತ್ತಕ್ಕೇ ಶುಗರ್ ಬಂದಿತ್ತು. ಗೆಳೆಯ ಒಂದು ಸ್ಟ್ರಿಪ್ ಮಾತ್ರೆ ಕೊಟ್ಟಿದ್ದಾನೆ, ಇನ್ನೂ ನುಂಗಿಲ್ಲ. ಹೆಂಡತಿ ‘ನನ್ನ ಮೇಲೆ ಬೇಜಾರಾ?’ ಅಂತ ಕೇಳಿದಳು. ಸುಮ್ಮನಿದ್ದೆ. ಪೂರ್ತಿ ಕೈಕೊಡುವ ಮೊದಲೇ ಇದನ್ನು ತಡೆಯಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಪ್ರಯತ್ನಿಸಬಹುದು. ಇಷ್ಟು ಬೇಗ ಎಚ್ಚೆತ್ತವರಿಗೆ ಸರಿಹೋಗುವ ಅವಕಾಶವೂ ಜಾಸ್ತಿ. ಮಾತ್ರೆ ನುಂಗುವ ಮುಂಚೆ ಕೇಳಿದಿರಿ, ಒಳ್ಳೆಯದಾಯಿತು.

ಗಂಡಸ್ತನಕ್ಕೇ ಕುಂದು ಬಂತು ಅಂತ ಒಳಗೊಳಗೇ ಕೊರಗಬೇಡಿ. ಇದು ಹೆಚ್ಚಾಗಿ ರಕ್ತನಾಳಗಳ ವಿಚಾರ. ಆಸೆ ಹುಟ್ಟಿದಾಗ ಅಲ್ಲಿನ ನರಗಳಿಂದ, ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ನಾಳ ಸಡಿಲಾಗಿ ರಕ್ತ ತುಂಬಿಕೊಳ್ಳುತ್ತದೆ. ಸಿಗರೇಟು, ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಲ್ಲವೂ ಕೆಡಿಸುವುದು ಆ ಒಳಪದರವನ್ನೇ. ನೀವು ಪೈಪು ಮಾರುವವರು, ನಿಮಗೆ ಹೇಳಬೇಕಾ? ಹರಿಯುವ ನೀರು ಒಂದೇ ಆದರೂ ಮೊದಲು ಕಟ್ಟಿಕೊಳ್ಳುವುದು ಸಣ್ಣ ಪೈಪು. ಶಿಶ್ನದ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಅದಕ್ಕೇ ಕೆಲವರಲ್ಲಿ ಹೃದಯದ ತೊಂದರೆಗೆ ಎರಡು ಮೂರು ವರ್ಷ ಮುಂಚೆಯೇ ಇಲ್ಲಿ ಸೂಚನೆ ಸಿಗುತ್ತದೆ. ಹೆದರಿಸಲು ಹೇಳುತ್ತಿಲ್ಲ. ಸೂಚನೆ ಸಿಕ್ಕಿರುವಾಗ ಅದನ್ನು ಬಳಸಿಕೊಳ್ಳಿ ಅಂತ.

ಬೆಳಗಿನ ಜಾವ ಎಚ್ಚರವಾದಾಗ ನಿಮಿರುವುದುಂಟಾ, ಗಮನಿಸಿ. ಅದು ಮೊದಲಿನಂತೆಯೇ ಇದ್ದರೆ ವ್ಯಾಪಾರದ ತಲೆಬಿಸಿಯೋ, ‘ಈ ಸಲವೂ ಹಾಗೇ ಆದರೆ?’ ಎಂಬ ಆತಂಕವೋ ಕಾರಣವಿರಬಹುದು. ಅದೂ ಕಡಿಮೆಯಾಗಿದ್ದರೆ ದೇಹದಲ್ಲಿ ಕಾರಣ ಹುಡುಕಬೇಕು. ಯಾವುದೇ ಆದರೂ ಈ ವಾರವೇ ಒಬ್ಬ ಫಿಜಿಷಿಯನ್ ಹತ್ತಿರ ಹೋಗಿ. ಬಿಪಿ ನೋಡಿಸಿ. ಖಾಲಿ ಹೊಟ್ಟೆಯ ಶುಗರ್, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4 ಬಂದರೆ ನೀವು ಗಡಿಯಲ್ಲಿದ್ದೀರಿ, 6.5 ಮತ್ತು ಮೇಲೆ ಬಂದರೆ ಶುಗರ್ ಶುರುವಾಗಿದೆ ಅಂತ. ಅಪ್ಪನಿಗೆ ಇದ್ದಿದ್ದರಿಂದ ಇದನ್ನು ಮುಂದೂಡಲೇಬೇಡಿ.

ಸಿಗರೇಟು ಬಿಡಿ. ಕಡಿಮೆ ಮಾಡುತ್ತೇನೆ ಅನ್ನಬೇಡಿ, ಬಿಡಿ. ನೀವು ಬರೆದ ಎಲ್ಲದರಲ್ಲೂ ನನಗೆ ಜಾಸ್ತಿ ಚಿಂತೆಯಾಗಿದ್ದು ಅದೇ. ಅದರ ಬದಲು ಗುಟ್ಕಾ, ತಂಬಾಕು ಬಾಯಿಗೆ ಹಾಕಿಕೊಂಡರೂ ನಿಕೋಟಿನ್ ಒಳಗೆ ಹೋಗುತ್ತದೆ, ನಾಳ ಬಿಗಿಯುತ್ತದೆ. ಟೀ ಬಂದ ತಕ್ಷಣ ಕೈ ಪ್ಯಾಕಿಗೆ ಹೋಗುತ್ತದೆ, ಅಲ್ವಾ? ಸ್ವಲ್ಪ ದಿನ ಟೀಯನ್ನು ಅಂಗಡಿ ಒಳಗೇ, ಗಿರಾಕಿಗಳ ಮುಂದೆ ಕುಡಿಯಿರಿ. ಒಬ್ಬರೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸಲು ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು.

ಇನ್ನು ನಡಿಗೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ಬೆವರು ಬರುವಷ್ಟು ಬಿರುಸಾಗಿ. ಆರು ತಿಂಗಳು ಬಿಡದೆ ಮಾಡಬೇಕು. ಅಂಗಡಿ ತೆಗೆಯುವುದು ಒಂಬತ್ತಕ್ಕೆ, ಕುಂದವಾಡ ಕೆರೆ ಊರಲ್ಲೇ ಇದೆ. ವಾಕಿಂಗ್ ಮುಗಿಸಿ ಸೀದಾ ಬೆಣ್ಣೆ ದೋಸೆ ಹೋಟೆಲಿಗೆ ಹೋದರೆ ಮಾತ್ರ ಕಷ್ಟ! ಬೆಣ್ಣೆ ದೋಸೆ ತಿಂಗಳಿಗೊಮ್ಮೆ ತಿನ್ನಿ, ಖುಷಿಯಾಗಿ ತಿನ್ನಿ. ಸಂಜೆಯ ಮಂಡಕ್ಕಿ ಜೊತೆಗೆ ಮಿರ್ಚಿ ಬಿಡಿ, ಸೌತೆಕಾಯಿ, ಈರುಳ್ಳಿ ಜಾಸ್ತಿ ಹಾಕಿಸಿಕೊಳ್ಳಿ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ಇಳಿಸಲೇಬೇಕು. ಇಟಲಿಯಲ್ಲಿ ಈ ತೊಂದರೆಯಿದ್ದ 110 ಬೊಜ್ಜಿನ ಗಂಡಸರನ್ನು ಎರಡು ವರ್ಷ ಗಮನಿಸಿದರು. ಅರ್ಧ ಜನಕ್ಕೆ ಊಟ, ವ್ಯಾಯಾಮ ಹೇಗಿರಬೇಕು ಅಂತ ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟರು. ಆ ಗುಂಪಿನಲ್ಲಿ ಸುಮಾರು ಮೂರರಲ್ಲೊಬ್ಬರು ಸರಿಹೋದರು. 2004ರಲ್ಲಿ ಪ್ರಕಟವಾದ ಅಧ್ಯಯನ ಇದು. ನೀವೂ ಅವರಲ್ಲೊಬ್ಬರಾಗಬಹುದು.

ಶನಿವಾರದ ಗುಂಡು ಸಾಧ್ಯವಾದಷ್ಟು ಕಡಿಮೆ ಮಾಡಿ. ಜೋರಾಗಿ ಗೊರಕೆ ಹೊಡೆಯುತ್ತೀರಿ, ಹಗಲೆಲ್ಲ ತೂಕಡಿಕೆ ಅಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗೆಳೆಯ ಕೊಟ್ಟ ಮಾತ್ರೆ ಸಿಲ್ಡೆನಾಫಿಲ್ (ವಯಾಗ್ರ) ಜಾತಿಯದ್ದೇ ಇರಬೇಕು. ಅದು ಕೆಟ್ಟ ಔಷಧಿಯಲ್ಲ. ನಿಮ್ಮ ಬಿಪಿ, ಹೃದಯ ನೋಡಿದ ಡಾಕ್ಟರೇ ಬರೆದುಕೊಟ್ಟರೆ ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್‌ನಂಥದ್ದರ ಜೊತೆ ಸೇರಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಕುತ್ತಾಗಬಹುದು. ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ಗುಪ್ತರೋಗ ತಜ್ಞರು, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಸಿಗುವವರು ಕೊಡುವ ಪುಡಿ, ಲೇಹ್ಯದ ಕಡೆ ತಲೆ ಹಾಕಬೇಡಿ. ಒಳಗೆ ಏನು ಬೆರೆಸಿದ್ದಾರೋ ನಿಮಗೆ ತಿಳಿಯುವುದಿಲ್ಲ.

ಇಷ್ಟೆಲ್ಲದರ ಮುಂಚೆ ಆಗಬೇಕಾದ ಕೆಲಸ ಇನ್ನೊಂದಿದೆ. ನಿಮ್ಮ ಹೆಂಡತಿ ಬಾಯಿಬಿಟ್ಟು ಕೇಳಿದ್ದಾರೆ. ನೀವು ಸುಮ್ಮನಿದ್ದಷ್ಟೂ ಅವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಇವತ್ತೇ ಹೇಳಿ: ‘ನಿನ್ನ ಮೇಲೆ ಬೇಜಾರಿಲ್ಲ. ನನ್ನ ದೇಹದಲ್ಲಿ ಏನೋ ಸರಿಯಿಲ್ಲ, ಡಾಕ್ಟರಿಗೆ ತೋರಿಸ್ತೀನಿ, ನೀನೂ ಬಾ.’ ರಿಪೋರ್ಟ್ ಬಂದ ದಿನ ಅವರನ್ನೂ ಕರೆದುಕೊಂಡು ಹೋಗಿ. ಮನೆಯ ಎಣ್ಣೆ, ಉಪ್ಪು, ರಾತ್ರಿ ಊಟದ ಹೊತ್ತು ಬದಲಾಗಬೇಕಾದರೆ ಅವರಿಗೂ ಕಾರಣ ಗೊತ್ತಿರಬೇಕು. ಮೂರು ತಿಂಗಳಾದರೂ ಸ್ವಲ್ಪವೂ ಸುಧಾರಿಸದಿದ್ದರೆ ಯುರಾಲಜಿಸ್ಟ್‌ಗೆ ತೋರಿಸಿ. ಆಗಲೂ ಇಬ್ಬರೂ ಒಟ್ಟಿಗೇ ಹೋಗಿ.