ನೆನಪಿನಲ್ಲಿರುವ ನದಿ ನನ್ನದಲ್ಲವಂತೆ!

ಪ್ರಶ್ನೆ: ನನಗೆ 47 ವರ್ಷ. ಎಂಟು ವರ್ಷದವನಿದ್ದಾಗ ನದಿಯಲ್ಲಿ ಮುಳುಗುತ್ತಿದ್ದ ಗೆಳೆಯನನ್ನು ಕೂದಲು ಹಿಡಿದು ದಡಕ್ಕೆ ಎಳೆದ ಕಥೆಯನ್ನು ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳಿಗೀಗ 13. ಶಾಲೆಯ ಭಾಷಣದಲ್ಲೂ ಅದನ್ನೇ ಹೇಳಿ ಬಹುಮಾನ ತಂದಳು. ಮೊನ್ನೆ ಅಕ್ಕನ ಎದುರು ಆ ವಿಷಯ ಬಂತು. ಅವಳು ನಕ್ಕುಬಿಟ್ಟಳು. "ನಾವು ಬೆಳೆದ ಕಡೆ ನದಿ ಎಲ್ಲಿತ್ತೋ? ನೀನು ನೀರು ಕಂಡ್ರೆ ಅಳ್ತಿದ್ದೆ. ಅದು ಟೀವೀಲಿ ಬರ್ತಿದ್ದ ಸೀರಿಯಲ್ಲು" ಎಂದಳು. ಪುಣ್ಯಕ್ಕೆ ಮಗಳು ಅಲ್ಲಿರಲಿಲ್ಲ. ನಾನು ಬೇಕಂತ ಸುಳ್ಳು ಹೇಳಿದವನಲ್ಲ. ಆ ಒದ್ದೆ ಕೂದಲು ಕೈಗೆ ಸಿಕ್ಕಿದ್ದು ಈಗಲೂ ನೆನಪಿದೆ. ಅವತ್ತಿನಿಂದ ತಲೆ ಕೆಟ್ಟಿದೆ. ಚಿಕ್ಕಂದಿನಲ್ಲಿ ಟೀವಿ, ಆಮೇಲೆ ಕಂಪ್ಯೂಟರ್, ಈಗ ಮೊಬೈಲ್. ಹೆಂಡತಿಯ ಜೊತೆ ಜಗಳ ಆಡುವಾಗ ಬಾಯಿಗೆ ಬರುವುದೂ ಎಲ್ಲೋ ಕೇಳಿದ ಡೈಲಾಗು. ಅಪ್ಪ ತೀರಿಕೊಂಡ ದಿನ ಅಳು ಬರಲಿಲ್ಲ. ತಲೆಯೊಳಗೆ ಹಿನ್ನೆಲೆ ಸಂಗೀತ ಕೇಳಿಸುತ್ತಿತ್ತು, ನಾನು ಹೇಗೆ ಕಾಣುತ್ತಿದ್ದೇನೆ ಅನ್ನುವುದೇ ಯೋಚನೆ. ನೋಡಿದ್ದನ್ನೆಲ್ಲ ತೆಗೆದುಹಾಕಿದರೆ ನಾನು ಅಂತ ಏನಾದರೂ ಉಳಿಯುತ್ತದಾ? ಎಲ್ಲ ಸ್ಕ್ರೀನ್‌ಗಳನ್ನೂ ಬಿಟ್ಟುಬಿಡಲಾ? ಮಗಳಿಗೆ ನಿಜ ಹೇಳಲಾ?
– ಹೆಸರು ಬೇಡ

ಉತ್ತರ: ನೀವು ಸುಳ್ಳುಗಾರರಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಏನು ನಡೆಯಿತು ಅನ್ನುವುದನ್ನು ಮನಸ್ಸು ಇಟ್ಟುಕೊಳ್ಳುತ್ತದೆ. ಅದು ಎಲ್ಲಿಂದ ಬಂತು ಅನ್ನುವುದು ಮಾತ್ರ ಡಬ್ಬಿಯ ಮೇಲೆ ಅಂಟಿಸಿದ ಚೀಟಿಯ ಹಾಗೆ ಬೇಗ ಉದುರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಸಿಯಾ ಜಾನ್ಸನ್ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಣ್ಣಿಗೆ ಕಟ್ಟುವಂಥ ವಿವರ ಜಾಸ್ತಿ ಇದ್ದರೆ 'ಇದು ನಡೆದದ್ದೇ ಇರಬೇಕು' ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ನಿಮ್ಮ ಕೈಯಲ್ಲಿರುವ ಒದ್ದೆ ಕೂದಲು ಅಂಥ ವಿವರ. ಪ್ರತಿ ಸಲ ಹೇಳಿದಾಗಲೂ ಅದು ಇನ್ನಷ್ಟು ಗಟ್ಟಿಯಾಗಿದೆ.

ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 24 ಮಂದಿಗೆ ಅವರ ಬಾಲ್ಯದ ಕೆಲವು ನಿಜ ಘಟನೆಗಳ ಜೊತೆ ಒಂದು ಕಟ್ಟುಕಥೆಯನ್ನೂ ಸೇರಿಸಿ ಕೊಟ್ಟರು: ಚಿಕ್ಕವರಿದ್ದಾಗ ನೀವು ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅಂತ. ಸುಮಾರು ಕಾಲು ಭಾಗ ಜನ ಪೂರ್ತಿಯಾಗಿಯೋ ಅಷ್ಟಿಷ್ಟೋ ಅದು ನೆನಪಿದೆ ಎಂದರು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಕೂಡ ಗಾಯಾಳು ಸೈನಿಕನ ಜೊತೆ ವಿಮಾನದಲ್ಲೇ ಉಳಿದು ಸತ್ತ, ಅದಕ್ಕಾಗಿ ಶೌರ್ಯ ಪದಕ ಪಡೆದ ಪೈಲಟ್ ಒಬ್ಬನ ಕಥೆಯನ್ನು ನಡೆದದ್ದೆಂದೇ ಹೇಳುತ್ತಿದ್ದರು, 1983ರಲ್ಲೂ ಹೇಳಿದರು. ಪತ್ರಕರ್ತರು ಪದಕದ ದಾಖಲೆ ಹುಡುಕಿದರೆ ಅಂಥ ಘಟನೆ ಸಿಗಲಿಲ್ಲ. 1944ರ ಒಂದು ಸಿನಿಮಾದಲ್ಲಿ ಹೆಚ್ಚುಕಡಿಮೆ ಅದೇ ದೃಶ್ಯವಿತ್ತು. ನಿಮಗೆ ದೊಡ್ಡವರ ಜೊತೆ ಇದೆ, ನೋಡಿ!

ಸ್ಕ್ರೀನ್ ಇನ್ನೂ ಆಳಕ್ಕೆ ಇಳಿಯುತ್ತದೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಕಪ್ಪು-ಬಿಳುಪು ಟೀವಿ ನೋಡಿ ಬೆಳೆದವರಿಗೆ ಈಗಿನ ಹುಡುಗರಿಗಿಂತ ಕಪ್ಪು-ಬಿಳುಪು ಕನಸು ಜಾಸ್ತಿ ಬೀಳುತ್ತದೆ. ಹಾಗಂತ ಆ ಕನಸು ಟೀವಿಯವರದ್ದು ಅಂತ ಯಾರಾದರೂ ಹೇಳುತ್ತಾರಾ?

ಈಗ ನಿಮ್ಮ ಪತ್ರಕ್ಕೆ ಬರೋಣ. ಅಕ್ಕನ ಮಾತಿನ ಒಂದು ಸಾಲನ್ನು ನೀವೇ ಬರೆದು, ನೀವೇ ದಾಟಿಕೊಂಡು ಹೋಗಿದ್ದೀರಿ. "ನೀನು ನೀರು ಕಂಡ್ರೆ ಅಳ್ತಿದ್ದೆ." ಬಾಲ್ಯದಲ್ಲಿ ಎಷ್ಟು ಸಾವಿರ ದೃಶ್ಯ ನೋಡಿದ್ದೀರೋ ಏನೋ. ಹೊಡೆದಾಟ, ಮದುವೆ, ಕ್ರಿಕೆಟ್, ಜಾಹೀರಾತು. ಅಷ್ಟರಲ್ಲಿ ನಿಮ್ಮದು ಅಂತ ಉಳಿಸಿಕೊಂಡದ್ದು ಯಾವುದು? ಹುಡುಗನೊಬ್ಬ ನೀರಿಗೆ ಹೆದರದೆ ಇಳಿದದ್ದು. ಅದೇ ಸೀರಿಯಲ್ ಅನ್ನು ಅಕ್ಕನೂ ಪಕ್ಕದಲ್ಲೇ ಕೂತು ನೋಡಿದ್ದಾಳೆ. ಅವಳ ಮನಸ್ಸಿನಲ್ಲಿ ಅದು ಸೀರಿಯಲ್ ಆಗಿಯೇ ಉಳಿಯಿತು, ಯಾಕಂದರೆ ಅವಳಿಗೆ ಆ ದೃಶ್ಯ ಬೇಕಿರಲಿಲ್ಲ. ನಿಮಗೆ ಬೇಕಿತ್ತು. ಆರಿಸಿಕೊಂಡವರು ನೀವು. ನೋಡಿದ್ದನ್ನೆಲ್ಲ ತೆಗೆದರೆ ಏನು ಉಳಿಯುತ್ತದೆ ಅಂದಿರಲ್ಲ, ಆ ಹೆದರಿದ ಹುಡುಗ ಉಳಿಯುತ್ತಾನೆ. ಅವನನ್ನು ನೀವು ಇಷ್ಟು ವರ್ಷ ಮಾತಾಡಿಸಿಯೇ ಇಲ್ಲ.

ಜಗಳದ ಡೈಲಾಗಿನ ಬಗ್ಗೆ ನನಗೆ ಚಿಂತೆಯಿಲ್ಲ. ಜಗಳದ ಮಧ್ಯೆ ಸ್ವಂತ ಮಾತು ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ಅಪ್ಪನ ವಿಷಯ ಹಾಗಲ್ಲ. ನಿಜವಾದ ಒಂದು ಸಾವನ್ನು ಹತ್ತಿರದಿಂದ ನೋಡುವ ಮೊದಲು ನಾವು ಸ್ಕ್ರೀನ್ ಮೇಲೆ ನೂರಾರು ಸಾವು ನೋಡಿರುತ್ತೇವೆ. ಅಲ್ಲಿ ಸಾಯುವವರು ಕೊನೆಯ ಮಾತು ಆಡುತ್ತಾರೆ. ಮಗ ಅದನ್ನು ಕೇಳಿಸಿಕೊಂಡು ಕುಸಿಯುತ್ತಾನೆ. ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ನಿಜ ಜೀವನದಲ್ಲಿ ಹಾಗೆ ಎಲ್ಲಿ ಆಗುತ್ತದೆ? ಯಾರಿಗೆ ಫೋನ್ ಮಾಡಬೇಕು, ಯಾವ ಕಾಗದಕ್ಕೆ ಸಹಿ ಹಾಕಬೇಕು, ಬಂದವರು ಎಲ್ಲಿ ಕೂರಬೇಕು ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ಕಲಿತ ದೃಶ್ಯಕ್ಕೆ ನಿಮ್ಮ ದುಃಖ ಹೊಂದಿಕೆಯಾಗಲಿಲ್ಲ. ಆಗ ನೀವು ದೃಶ್ಯವನ್ನು ಅನುಮಾನಿಸಬೇಕಿತ್ತು, ನಿಮ್ಮನ್ನೇ ಅನುಮಾನಿಸಿಕೊಂಡಿರಿ. ಆಘಾತವಾದಾಗ ತನ್ನನ್ನು ತಾನು ದೂರದಿಂದ ನೋಡಿದ ಹಾಗೆ ಅನಿಸುವುದು ತುಂಬ ಜನರಿಗೆ ಆಗುತ್ತದೆ, ಟೀವಿ ನೋಡದವರಿಗೂ. ಆದರೆ ಅದು ಈಗಲೂ ದಿನದಿನ ಆಗುತ್ತಿದ್ದರೆ, ಸುತ್ತಲಿನದ್ದು ನಿಜವೇ ಅಲ್ಲ ಅನಿಸುತ್ತಿದ್ದರೆ, ತಡಮಾಡದೆ ಮನೋವೈದ್ಯರನ್ನು ಕಾಣಿ. ಸುಮ್ನೆ ಹೇಳುತ್ತಿಲ್ಲ.

ಸ್ಕ್ರೀನ್ ನಿಮ್ಮಿಂದ ಏನೂ ಕಿತ್ತುಕೊಂಡಿಲ್ಲ ಅಂತ ನಾನು ಹೇಳಲಾರೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಬರೆದಿದ್ದರು: ಬೇರೆಯವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಅಂತ ಊಹಿಸಿಕೊಂಡೇ ನಾವು ಯಾರು ಅನ್ನುವುದು ನಮಗೆ ತಿಳಿಯುತ್ತದೆ ಅಂತ. ಸೀರಿಯಲ್ಲಿನ ಹುಡುಗನನ್ನು ನೀವು ಕಣ್ತುಂಬ ನೋಡಿದಿರಿ, ಅವನು ನಿಮ್ಮನ್ನು ನೋಡಲಿಲ್ಲ. ಅಷ್ಟು ಗಂಟೆಗಳ ಕಾಲ ನೀವು ಹೇಗಿದ್ದಿರಿ ಅಂತ ಹೇಳಲು ಸಾಕ್ಷಿಯೇ ಇಲ್ಲ. ಹಾಗಾಗಿ ಅಕ್ಕನ ಹತ್ತಿರ ಕೂತು ಮಾತಾಡಿ. ಅವಳ ತಲೆಯಲ್ಲಿರುವ ಹುಡುಗ ಯಾವ ಸೀರಿಯಲ್‌ನಿಂದಲೂ ಬಂದವನಲ್ಲ. ನಾನು ಯಾಕೆ ಅಳುತ್ತಿದ್ದೆ, ಯಾರ ಹಿಂದೆ ಅಡಗುತ್ತಿದ್ದೆ, ಏನು ಕೊಟ್ಟರೆ ಸುಮ್ಮನಾಗುತ್ತಿದ್ದೆ, ಎಲ್ಲ ಕೇಳಿ. ಅವಳ ನೆನಪೂ ಅಲ್ಲಲ್ಲಿ ತಪ್ಪಿರಬಹುದು, ಪರವಾಗಿಲ್ಲ.

ಎಲ್ಲ ಸ್ಕ್ರೀನ್ ಬಿಡುವ ಪ್ರತಿಜ್ಞೆ ಬೇಡ. ಅಂಥವು ಒಂದು ವಾರಕ್ಕಿಂತ ಜಾಸ್ತಿ ಬಾಳುವುದಿಲ್ಲ. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ತಾನಾಗೇ ಶುರುವಾಗುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಆಫ್ ಮಾಡಿ. ನೋಡಿದ್ದರ ಬಗ್ಗೆ ಮನೆಯವರ ಜೊತೆ ಎರಡು ಮಾತಾಡಿ, ಬೈದರೂ ಸರಿ. ಇದನ್ನು ಎಲ್ಲಿ, ಯಾರ ಜೊತೆ ನೋಡಿದೆ ಅನ್ನುವುದು ನೆನಪಿನಲ್ಲಿ ನಿಲ್ಲಲು ಅದು ಸಹಾಯ ಮಾಡುತ್ತದೆ.

ಮಗಳಿಗೆ ಹೇಳಿ. ಅಕ್ಕನ ಬಾಯಿಂದ ಕೇಳಿಸಿಕೊಳ್ಳುವ ಮೊದಲೇ ಹೇಳಿ. ತಪ್ಪೊಪ್ಪಿಗೆಯ ಮುಖ ಮಾಡಿಕೊಂಡು ಕೂರಬೇಡಿ, ಅವಳೂ ಹೆದರುತ್ತಾಳೆ. 'ನಾನು ನೀರಿಗೆ ಹೆದರುತ್ತಿದ್ದೆ, ಹೆದರದ ಹುಡುಗನನ್ನು ಟೀವಿಯಲ್ಲಿ ನೋಡಿದೆ, ಅವನೇ ನಾನು ಅಂದುಕೊಂಡುಬಿಟ್ಟೆ' ಎಂದರೆ ಸಾಕು. 13 ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅವರೂ ಈಗ ಅದನ್ನೇ ಮಾಡುತ್ತಿರುತ್ತಾರೆ. ಎಲ್ಲರೆದುರು ಭಾಷಣ ಮಾಡಿದವಳು, ಎರಡು ದಿನ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ ಬಿಡಿ. ಬಹುಮಾನ ವಾಪಸ್ ಕೊಡಬೇಕಾ ಅಂತ ಕೇಳಿದರೆ, ಬೇಡ ಅನ್ನಿ. ಅದು ಸಿಕ್ಕಿದ್ದು ಅವಳು ಮಾತಾಡಿದ್ದಕ್ಕೆ, ನೀವು ಈಜಿದ್ದಕ್ಕಲ್ಲ.