ಹಲಗಲಿ ದಂಗೆಯ ಕಥೆ ಲಾವಣಿಯಾಗಿ ಉಳಿದಿದ್ದು ಯಾಕೆ?

ಸೋತವರಿಗೆ ತಮ್ಮ ನೋವು ಹೇಳಿಕೊಳ್ಳೋಕೆ ಹಾಡೇ ದಾರಿಯಾಗಿತ್ತು, ಅದಕ್ಕೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂದಾಗ, ಬಾಗಲಕೋಟೆ ಜಿಲ್ಲೆಯ ಹಲಗಲಿ ಬೇಡರು ಒಪ್ಪಲಿಲ್ಲ. ದಂಡು ಬಂದು ಊರನ್ನೇ ಸುಟ್ಟಿತು.

ಆಳುವವರಿಗೆ ಅದು ಅಡಗಿಸಿದ ಒಂದು ದಂಗೆ ಅಷ್ಟೆ. ಲಾವಣಿ, ಅಂದರೆ ಕಥೆ ಹೇಳುವ ಹಾಡು, ಅಡುಗೆಮನೆಯೊಳಗೇ ಹೋಗುತ್ತದೆ. ದಂಡಿನವರು ದೋಚಿದ ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಗಂಗಾಳ, ಮಂಗಳಸೂತ್ರ, ಬೀಸುವ ಕಲ್ಲು ಎಲ್ಲವನ್ನೂ ಎಣಿಸುತ್ತದೆ. ಎಂಥಾ ಕಣ್ಣು ಆ ಕವಿಯದು!

ಪ್ರಾಸ, ತಾಳ ಇರೋದ್ರಿಂದ ಓದು ಬರದವರಿಗೂ ಅದು ಬೇಗ ಬಾಯಿಪಾಠ ಆಗುತ್ತೆ, ಅಲ್ವಾ? ಬಾಯಿಂದ ಬಾಯಿಗೆ ಹಾಗೇ ಹಬ್ಬಿತು. ಮುಂದೆ ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.